ಸಿದ್ದಲಿಂಗೇಶನ ಮನೆಗೆ ಬಾಸ್ ಬಂದ ದಿನ

ಭಾನುವಾರ ಬೆಳಿಗ್ಗೆ ಡೊಳ್ಳಿನ ರೆಕಾರ್ಡಿಂಗ್ ಹಚ್ಚಿಕೊಂಡು ವಗ್ಗರಣೆ ಮಂಡಕ್ಕಿ ತಿನ್ನುತ್ತಾ ಸಿದ್ದಲಿಂಗೇಶ್ "ಥೂ, ಇದರಾಗ ಬಾಸ್ ಇಲ್ಲ" ಎಂದುಬಿಟ್ಟ. ಮನಸ್ಸಿನಲ್ಲೇ ಅಂದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿಬಿಟ್ಟು ಅಂದ. ಅದೂ ಹೆಂಡತಿ ಕಾವ್ಯ ಮಿರ್ಚಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಅಂದ.

"ಏನಂದ್ರಿ?"

"ಏನಿಲ್ಲ. ಮಿರ್ಚಿ ಮಸ್ತ್ ಆಗೈತಿ."

"ನೀವು ಇನ್ನೂ ಮಿರ್ಚಿ ಮುಟ್ಟೇ ಇಲ್ಲ. ಬಾಸ್ ಇಲ್ಲ ಅಂದ್ರಿ, ನಾ ಕೇಳಿಸ್ಕೊಂಡೆ."

ಬಾಸ್ ಎಂದರೆ ಸಂಗೀತದ ತಳದಲ್ಲಿರುವ ಗುಡುಗು; ಅದನ್ನು ಕೇಳಲೆಂದೇ ಹದಿನೈದು ದಿನದ ಹಿಂದೆ ಆ ಮನೆಗೆ ಎರಡು ಸ್ಪೀಕರುಗಳು ಬಂದಿದ್ದವು. ಮೇಜಿನ ಮೇಲೆ ಇಡುವಂಥ ಸಣ್ಣವಲ್ಲ, ನೆಲದ ಮೇಲೆ ನಿಲ್ಲುವಂಥವು. ಎತ್ತರ ಸೊಂಟದ ಮಟ್ಟ, ತೂಕ ಅಕ್ಕಿ ಮೂಟೆಗೆ ಸಮ. ಚಿತ್ತವಾಡ್ಗಿಯ ಆ ಮನೆಯ ಪಡಸಾಲೆ ಇರುವುದೇ ಹತ್ತಡಿಗೆ ಹತ್ತಡಿ, ಅಳೆದು ಕೊಯ್ದ ಚೌಕ. ಸ್ಪೀಕರು ಒಳಗೆ ಬಂದ ದಿನವೇ ಮಗಳು ಸ್ಫೂರ್ತಿಯ ಓದುವ ಮೇಜು ಅಡುಗೆಮನೆ ಸೇರಿತ್ತು.

"ಅಕಿ ವಿಜ್ಞಾನದ ಪುಸ್ತಕಕ್ಕ ಸಾರು ಚೆಲ್ಲೈತಿ," ಎಂದಳು ಕಾವ್ಯ. "ಎಲ್ಲಾ ಆ ಬಾಸ್ ಸಲುವಾಗಿ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಅದೂ ಇಲ್ಲೇನು? ಹಂಗಾದ್ರ ಕೇಳ್ರಿ. ಸಂಜೀಕ ದೀಪ ಹಚ್ಚೋದ್ರಾಗ ಬಾಸ್ ಬಂತಂದ್ರ ಇವು ಇಲ್ಲೇ ಇರ್ಲಿ, ನಾ ಜನ್ಮದಾಗ ಒಂದು ಮಾತಾಡಂಗಿಲ್ಲ. ಬರ್ಲಿಲ್ಲಂದ್ರ ವೀರೇಶ ಒಯ್ತಾನ."

ವೀರೇಶ ಅವಳ ತಮ್ಮ. ಕಂಪ್ಲಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಸ್ಪೀಕರು ನೋಡಿದ ಮೊದಲ ದಿನವೇ ಅವುಗಳ ನೆತ್ತಿ ಸವರಿ, "ಮಾವ, ನಿಮಗ ಬ್ಯಾಡಾದಾಗ ಹೇಳ್ರಿ" ಎಂದು ಹೋಗಿದ್ದ.

"ಬಾಸ್ ಬಂತೋ ಇಲ್ಲೋ ಅಂತ ಯಾರು ಹೇಳ್ಬೇಕು?" ಎಂದ ಸಿದ್ದಲಿಂಗೇಶ್.

"ನೀವ ಹೇಳ್ರಿ. ನಮಗೇನು ತಿಳೀತೈತಿ ಅದರಾಗ? ನೀವು ಸುಳ್ಳು ಹೇಳೋ ಮನುಷ್ಯಾ ಅಲ್ಲ."

ಈ ಮಾತಿಗೆ ಸಿದ್ದಲಿಂಗೇಶ್ ಉಬ್ಬಿದ. ಉಬ್ಬಬಾರದಿತ್ತು. ಆದರೆ ಅವನ ಕಸುಬೇ ಅಂಥದ್ದು. ಅಕ್ಕಿ ಗಿರಣಿಯಲ್ಲಿ ಅವನು ಅಕ್ಕಿ ಪಾಸು ಮಾಡುವವನು. ಎರಡು ಕಾಳು ಬಾಯಿಗೆ ಹಾಕಿ, ಕಟಕ್ ಎಂದು ಕಡಿದು, "ಹೊಸದು" ಎಂದರೆ ಹೊಸದು, "ನುಚ್ಚು ಜಾಸ್ತಿ" ಎಂದರೆ ಜಾಸ್ತಿ. ಲಾರಿ ತಂದವರು ಎದುರಾಡದೆ ಲಾರಿ ತಿರುಗಿಸಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷದಿಂದ ಅವನ ತೀರ್ಪಿಗೆ ಮೇಲ್ಮಾತಿರಲಿಲ್ಲ.

ಬಾಸಿನ ಹುಚ್ಚು ಹಿಡಿಸಿದ್ದೂ ಗಿರಣಿಯೇ. ಅವನಪ್ಪ ಕಮಲಾಪುರದಲ್ಲಿ ಒಂದು ಹಳೇ ಗಿರಣಿ ನಡೆಸುತ್ತಿದ್ದರು. ಹುಡುಗನಾಗಿದ್ದಾಗ ಸಿದ್ದಲಿಂಗೇಶ್ ಭತ್ತದ ಚೀಲಗಳ ಮೇಲೆ ಮಲಗಿದರೆ ಆ ಎಂಜಿನ್ನಿನ ಗುಡುಗುಡು ನೆಲದಿಂದ ಚೀಲಕ್ಕೆ, ಚೀಲದಿಂದ ಎದೆಗೆ ಏರುತ್ತಿತ್ತು. ಅಪ್ಪನೂ ಹೋದರು, ಆ ಎಂಜಿನ್ನೂ ಹೋಯಿತು. ಈಗಿನ ಗಿರಣಿಗಳು ಸುಯ್ ಎನ್ನುತ್ತವೆ, ಅಷ್ಟೆ. ಆ ಗುಡುಗು ಇನ್ನೊಮ್ಮೆ ಎದೆಗೆ ತಾಗಬೇಕು ಎಂಬ ಆಸೆ ಅವನಿಗೆ ಬಹಳವಿತ್ತು. ಹೇಳಿಕೊಳ್ಳಲು ನಾಚಿಕೆಯಾಗಿ ಎಲ್ಲರ ಮುಂದೆ 'ಬಾಸ್' ಎನ್ನುತ್ತಿದ್ದ.

ಬಯಲಾಟದ ಮೈದಾನವನ್ನೇ ನಡುಗಿಸುವಂಥ ಡೊಳ್ಳಿನ ರೆಕಾರ್ಡಿಂಗ್ ಒಂದನ್ನು ಅವನು ಇಟ್ಟುಕೊಂಡಿದ್ದ. ಅದನ್ನೇ ಮತ್ತೆ ಹಚ್ಚಿದ. ಡೊಳ್ಳು ಎಣ್ಣೆ ಡಬ್ಬಿಯ ಹಾಗೆ ಟಣಟಣ ಎಂದಿತು.

ಟಣಟಣ ಕೇಳಿ ಮೊದಲು ಬಂದವರು ಪಕ್ಕದ ಮನೆಯ ಉಚ್ಚೆಂಗಪ್ಪ. ವಿದ್ಯುತ್ ಕಂಬ ಹತ್ತಿ ನಿವೃತ್ತರಾದವರು, ಈಗ ಊರಿನ ವಾಸ್ತು ನೋಡುತ್ತಿದ್ದರು. ಒಳಗೆ ಬಂದವರೇ ಸ್ಪೀಕರುಗಳನ್ನು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು.

"ಏನ್ ತಮ್ಮಾ ಇದು! ಇಷ್ಟು ಭಾರದ ವಸ್ತು ಈಶಾನ್ಯಕ್ಕ ಇಟ್ಟೀಯಲ್ಲ! ಭಾರ ಎಲ್ಲಾ ನೈರುತ್ಯಕ್ಕ ಹೋಗ್ಬೇಕು. ಹಿಡಿ ಆ ಕಡೆ."

"ಒಂದು ಆ ಮೂಲಿಗೆ, ಇನ್ನೊಂದು ಈ ಮೂಲಿಗೆ ಇರ್ಬೇಕ್ರಿ ಕಾಕಾ..."

"ನೈರುತ್ಯ ಎರಡು ಇರ್ತಾವೇನು?"

ಎರಡೂ ಸ್ಪೀಕರುಗಳು ಒಂದೇ ಮೂಲೆಯಲ್ಲಿ ಮದುಮಕ್ಕಳಂತೆ ಅಂಟಿಕೊಂಡು ನಿಂತವು. ಸಾಗಿಸುವಾಗ ಒಂದು ಸಿದ್ದಲಿಂಗೇಶನ ಹೆಬ್ಬೆರಳ ಮೇಲೂ ಸ್ವಲ್ಪ ಹೊತ್ತು ನಿಂತಿತ್ತು. ಅವನು ಕುಂಟುತ್ತಾ ಹೋಗಿ ಪಡಸಾಲೆಯ ನಡುವಿದ್ದ ತನ್ನ ಬೆತ್ತದ ಕುರ್ಚಿಯಲ್ಲಿ ಕೂತ. ಉಚ್ಚೆಂಗಪ್ಪ ನೆಲದ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಕೂತರು. ಆ ಕಡೆ ಮನೆಗೆ ಬಂದವರು ಕೂಡುವುದೇ ಹಾಗೆ. ಡೊಳ್ಳು ಶುರುವಾಯಿತು.

"ಆಹಾಹಾ! ಗೋಡಿ ನಡುಗ್ತೈತಲ್ಲೋ ತಮ್ಮಾ!"

ಸಿದ್ದಲಿಂಗೇಶನಿಗೆ ಕೇಳಿದ್ದು ಅದೇ ಟಣಟಣ. "ಅದು ಬಾಸ್ ಅಲ್ರಿ ಕಾಕಾ," ಎಂದ ಬೇಸರದಿಂದ. "ಗೋಡಿ ಹಳೇದು, ಗಿಲಾವು ಸಡ್ಲಾಗೈತಿ."

ಉಚ್ಚೆಂಗಪ್ಪ ಮುಖ ಸಣ್ಣದು ಮಾಡಿಕೊಂಡರು.

ಸಿದ್ದಲಿಂಗೇಶ್ ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತ. ಯಾವನೋ ಗಡ್ಡದವನು, ಸ್ಪೀಕರು ಎರಡು ಮತ್ತು ಕೇಳುವವನ ಕುರ್ಚಿ ಒಂದು ಸೇರಿ ಸರಿಯಾದ ತ್ರಿಕೋನವಾಗಬೇಕು ಎಂದ. ಸರಿ, ಸ್ಪೀಕರುಗಳು ಮತ್ತೆ ಎರಡು ಮೂಲೆಗೆ ಹೋದವು. ಸಿದ್ದಲಿಂಗೇಶ್ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿದ. ಅಳೆದೂ ಅಳೆದೂ ಕುರ್ಚಿ ಬಂದು ನಿಂತದ್ದು ಮತ್ತೆ ಪಡಸಾಲೆಯ ನಟ್ಟನಡುವೆಯೇ. ಅವನು ನೀರು ಕುಡಿದು ಬರುವಷ್ಟರಲ್ಲಿ ತಾಯಿ ಸುವರ್ಣಮ್ಮ ಆ ತ್ರಿಕೋನದ ಮೂರೂ ಕಡೆ ಕಮಲದ ಹೂವು ಬರೆದಿದ್ದರು.

"ಬೋಳು ಬೋಳಾಗಿತ್ತಪ್ಪಾ, ಅದಕ್ಕ ಬರದೆ," ಎಂದರು.

ಹೂವಿನ ಮೇಲೆ ಕುರ್ಚಿ ಹಾಕಿಕೊಂಡು ಕೇಳಿದ. ಟಣಟಣ.

ಮಧ್ಯಾಹ್ನ ರೊಟ್ಟಿ ಉಂಡು ಕೈ ತೊಳೆದಾಗ ಹೊಳೆಯಿತು, ಸ್ಪೀಕರಿನ ಬೆನ್ನಿಗೆ ಒಂದು ತೂತಿದೆಯಲ್ಲ! ಬಾಸ್ ಉಸಿರಾಡುವುದೇ ಅದರಲ್ಲಿ ಎಂದು ಗಡ್ಡದವನು ಹೇಳಿದ್ದ. ಸಿದ್ದಲಿಂಗೇಶ್ ಬಗ್ಗಿ ತೂತಿಗೆ ಕೈ ಹಾಕಿದ. ಗೋಣಿಚೀಲದ ತುಂಡು ಸಿಕ್ಕಿತು. ಎಳೆದ, ಇನ್ನೊಂದು ತುಂಡು. ಅದರ ಹಿಂದೆ ಒಂದು ಹಿಡಿ ಒಣ ಬೇವಿನೆಲೆ.

"ಅವ್ವಾ!"

"ಯಾಕೋ? ತೂತು ಬಿಟ್ರ ಇಲಿ ಹೊಕ್ಕೋತಾವ," ಎಂದರು ಸುವರ್ಣಮ್ಮ, ತಾವು ಮಾಡಿದ್ದು ಸರಿಯೇ ಎಂಬ ಧ್ವನಿಯಲ್ಲಿ. "ಗಿರಣಿ ಮನ್ಯಾಗ ನಲವತ್ತು ವರ್ಷ ಬಾಳ್ವಿ ಮಾಡೀನಿ. ನಿಮ್ಮಪ್ಪ ತೂತು ಕಂಡಲ್ಲಿ ಗೋಣಿ ತುರುಕ್ತಿದ್ರು, ಹುಳ ಬೀಳಬಾರ್ದಂತ ಬೇವು ಹಾಕ್ತಿದ್ರು. ನೀ ತಂದ ದಿನಾನ ನಾ ತುರುಕೀನಿ."

ಒಂದು ಸ್ಪೀಕರು ಸುಲಭಕ್ಕೆ ಖಾಲಿಯಾಯಿತು. ಇನ್ನೊಂದರ ಗೋಣಿ ಒಳಕ್ಕೆ ಬಿದ್ದಿತ್ತು. ಅದನ್ನು ಬುಡಮೇಲು ಮಾಡಿ, ಗಂಡ ಹೆಂಡತಿ ಆ ಕಡೆ ಈ ಕಡೆ ಹಿಡಿದು, ಜರಡಿ ಆಡಿಸಿದಂತೆ ಆಡಿಸಿದರು. ಬೇವಿನೆಲೆ ಉದುರಿತು, ಗೋಣಿ ಬಂತು, ಸ್ಫೂರ್ತಿ ಕಳೆದುಕೊಂಡಿದ್ದ ಒಂದು ರಬ್ಬರೂ ಬಂತು. ಸಿದ್ದಲಿಂಗೇಶನ ಸೊಂಟ ಹಿಡಿದುಕೊಂಡಿತು. ಆದರೂ ಖುಷಿಯಿಂದ ಓಡಿ ಹೋಗಿ ಕುರ್ಚಿಯಲ್ಲಿ ಕೂತು ಡೊಳ್ಳು ಹಚ್ಚಿದ.

ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದ ಸುವರ್ಣಮ್ಮ ಅಡಕತ್ತರಿ ಕೆಳಗಿಟ್ಟರು. "ಯಪ್ಪಾ! ಎದಿ ಗುದ್ದಿದಂಗ ಆತಲ್ಲೋ ಸಿದ್ದು!"

"ಅದು ಬಾಸ್ ಅಲ್ಲಬೇ, ನಿನ್ನ ಬಿಪಿ. ಗುಳಿಗಿ ತಗೊಂಡಿಯೋ ಇಲ್ಲೋ?"

ಸುವರ್ಣಮ್ಮ ಗಾಬರಿಯಾಗಿ ಗುಳಿಗೆ ನುಂಗಲು ಒಳಗೆ ಹೋದರು. ಸಿದ್ದಲಿಂಗೇಶ್ ನಡುವೆ ಕೂತು ಟಣಟಣ ಕೇಳುತ್ತಾ ಗಡಿಯಾರ ನೋಡಿದ. ಮೂರೂವರೆ.

ಕೊನೆಯ ಆಸರೆ ಎದುರುಮನೆಯ ಯಲ್ಲೇಶ. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರು. ನಡುಗುವ ಯಂತ್ರಗಳ ನಡುವೆಯೇ ಬದುಕುವವನು, ಅವನಿಗಿಂತ ಬಲ್ಲವರು ಯಾರು? ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಬಂದ ಯಲ್ಲೇಶ ಸ್ಪೀಕರಿನ ಮೇಲೆ ಅಂಗೈ ಇಟ್ಟ.

"ಸಿದ್ದಣ್ಣ, ವೈಬ್ರೇಶನ್ ಐತಿ ಇದರಾಗ."

"ಅದು ಸಾಲ್ವಲ್ದು ಯಲ್ಲೇಶ. ನೋಡು ಏನರ ಮಾಡು."

"ನೀ ಹೊರಗ ಕುಂದ್ರು. ಅರ್ಧ ತಾಸು ಕೊಡು ನನಗ."

ಅರ್ಧ ತಾಸು ಒಳಗೆ ಕಟಕಟ, ಕಿರಕಿರ ಸದ್ದು ಬಂತು. ಬಾಗಿಲು ತೆರೆದಾಗ ಸ್ಪೀಕರುಗಳ ಅಡಿಯಲ್ಲಿ ಹಳೇ ಕನ್ವೇಯರ್ ಬೆಲ್ಟಿನ ದಪ್ಪ ತುಂಡುಗಳಿದ್ದವು, ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿದಿತ್ತು, ನೆತ್ತಿಯ ಮೇಲೆ ಎರಡೆರಡು ರುಬ್ಬುಗುಂಡು ಕೂತಿದ್ದವು. ಯಲ್ಲೇಶ ಬೆವರು ಒರೆಸಿಕೊಂಡು ಹೆಮ್ಮೆಯಿಂದ ನಿಂತಿದ್ದ.

"ಈಗ ಹಚ್ಚು ಅಣ್ಣಾ. ಮ್ಯಾಲ ನೀರಿನ ಗ್ಲಾಸ್ ಇಡು, ಒಂದು ಹನಿ ಅಳ್ಳಾಡಿದ್ರ ಕೇಳು. ವೈಬ್ರೇಶನ್ ಪೂರ್ತಿ ತಗದೀನಿ!"

ಪಾಪ, ಹನ್ನೆರಡು ವರ್ಷದಿಂದ ಕಾರ್ಖಾನೆ ಅವನಿಗೆ ಸಂಬಳ ಕೊಡುತ್ತಿದ್ದದ್ದೇ ನಡುಕ ನಿಲ್ಲಿಸುವುದಕ್ಕೆ. ಸಿದ್ದಲಿಂಗೇಶನಿಗೆ ಅಳುವೇ ಬಂತು. ಬಿಗಿದದ್ದನ್ನೆಲ್ಲ ಬಿಚ್ಚುವಷ್ಟರಲ್ಲಿ ಐದೂವರೆಯಾಯಿತು. ಬಾಗಿಲಲ್ಲಿ ಗೂಡ್ಸ್ ಆಟೋ ನಿಂತ ಸದ್ದಾಯಿತು.

"ಮಾವ, ಆರಾಮೇನ್ರಿ?" ಎನ್ನುತ್ತಾ, ಅಕ್ಕ ಫೋನು ಮಾಡಿ ಕರೆಸಿದ್ದ ವೀರೇಶ ಬಂದ. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಹೆಗಲ ಮೇಲೆ ಹಗ್ಗ.

ಕಾವ್ಯ ದೀಪದ ಬತ್ತಿ ಹೊಸೆಯುತ್ತಾ ಅಡುಗೆಮನೆಯ ಗೋಡೆಗೆ ಆತು ನಿಂತಳು. ಉಚ್ಚೆಂಗಪ್ಪ, ಸುವರ್ಣಮ್ಮ, ಯಲ್ಲೇಶ, ವೀರೇಶ ನಾಲ್ವರೂ ಗೋಡೆಗುಂಟ ಚಕ್ಕಳಮಕ್ಕಳ ಹಾಕಿ ಕೂತರು. ಸಿದ್ದಲಿಂಗೇಶ್ ನಡುವಿನ ಕುರ್ಚಿಯಲ್ಲಿ ಕೂತು, ಮನದಲ್ಲೇ ಅಪ್ಪನನ್ನು ನೆನೆದು, ವಾಲ್ಯೂಮನ್ನು ಪೂರ್ತಿ ತಿರುಗಿಸಿದ.

ಕಿವಿಗೆ ಬಂದದ್ದು ಟಣಟಣವೇ. ಸ್ವಲ್ಪ ದೊಡ್ಡ ಟಣಟಣ.

ಅವನು ಸುತ್ತ ನೋಡಿದ. ಉಚ್ಚೆಂಗಪ್ಪ ಕಣ್ಣು ಮುಚ್ಚಿದ್ದರು. ಸುವರ್ಣಮ್ಮ ಎದೆ ಮೇಲೆ ಕೈಯಿಟ್ಟುಕೊಂಡಿದ್ದರು, ಕಣ್ಣಲ್ಲಿ ನೀರಿತ್ತು. ಯಲ್ಲೇಶ ಬಾಯಿ ತೆರೆದುಕೊಂಡು ಗೋಡೆ ಮುಟ್ಟಿ ನೋಡುತ್ತಿದ್ದ. ವೀರೇಶನಂತೂ ಹಲ್ಲು ಕಚ್ಚಿ ನೆಲ ನೋಡುತ್ತಿದ್ದ. ನನ್ನ ಗತಿ ನೋಡಿ ಎಲ್ಲರಿಗೂ ಎಷ್ಟು ಮರುಕ ಎಂದುಕೊಂಡ ಸಿದ್ದಲಿಂಗೇಶ್. 'ಬಂತು' ಎಂದುಬಿಡಲೇ ಎನ್ನಿಸಿತು. ಒಂದೇ ಮಾತು, ಸ್ಪೀಕರು ಉಳಿಯುತ್ತವೆ. ಆದರೆ ಇಪ್ಪತ್ತು ವರ್ಷ ನುಚ್ಚನ್ನು ನುಚ್ಚು ಎಂದೇ ಹೇಳಿದ ನಾಲಿಗೆ ಅದು.

ಹಾಡು ನಿಲ್ಲಿಸಿ ಎದ್ದು ನಿಂತ.

"ಬಂದಿಲ್ಲ. ಬಾಸ್ ಇಲ್ಲ. ಒಯ್ಯೋ ವೀರೇಶ."

ವೀರೇಶ ಜಿಗಿದೆದ್ದ. "ನಿಮ್ಮಂಥ ಖರೇ ಮನುಷ್ಯಾರು ಸಿಗಾಂಗಿಲ್ಲ ಬಿಡ್ರಿ ಮಾವ," ಎಂದು ಒಂದು ಸ್ಪೀಕರನ್ನು ಒಬ್ಬನೇ ಎತ್ತಿದ. ಅಕ್ಕ ಚಹಾ ಎಂದರೂ ನಿಲ್ಲಲಿಲ್ಲ. ಐದು ನಿಮಿಷದಲ್ಲಿ ಆಟೋ ಓಣಿ ದಾಟಿತ್ತು.

ಕಾವ್ಯ ದೀಪ ಹಚ್ಚಿ, ಎಲ್ಲರೂ ಚಹಾ ಕುಡಿದ ಮೇಲೆ ಖಾಲಿ ಪಡಸಾಲೆಯಲ್ಲಿ ಸುವರ್ಣಮ್ಮ ಮೆಲ್ಲಗೆ ಕೆಮ್ಮಿದರು.

"ಸಿದ್ದು, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಆ ಡೊಳ್ಳು ಹೊಡಿಯಾಗ ಬೆನ್ನಾಗಿಂದ ಎದಿಗೆ ಗುಡುಗುಡು ಅಂತ ಬಂತು. ನಿಮ್ಮಪ್ಪನ ಗಿರಣ್ಯಾಗ ಕುಂತಂಗ ಆತು ನನಗ. ಅದಕ್ಕ ಏನಂತಾರಪ್ಪಾ?"

ಸಿದ್ದಲಿಂಗೇಶ್ ಧಡಕ್ಕನೆ ತಾಯಿಯ ಕಡೆ ತಿರುಗಿದ.

"ನನಗೂ ಬಂತ್ರಿ," ಎಂದಳು ಕಾವ್ಯ. "ಗೋಡಿ ಮಾಡದಾಗಿನ ತಟ್ಟಿ ಕುಣಿದ್ವು."

"ನನ್ನ ಹಲ್ಲಿನ ಸೆಟ್ಟು ಅಳ್ಳಾಡಿತು," ಎಂದರು ಉಚ್ಚೆಂಗಪ್ಪ.

"ಮತ್ತ ಹೇಳ್ಬೇಕೋ ಬ್ಯಾಡೋ!" ಸಿದ್ದಲಿಂಗೇಶ್ ಕಿರುಚಿದ.

"ಹೆಂಗ ಹೇಳೋದು?" ಕಾವ್ಯಳಿಗೂ ಸಿಟ್ಟು ಬಂತು. "ಮುಂಜಾನಿಂದ ಯಾರು ಬಂತು ಅಂದ್ರೂ ಅದು ಬಾಸ್ ಅಲ್ಲ ಅಂದ್ರಿ. ಕಾಕಾಗ ಗೋಡಿ ಅಂದ್ರಿ, ಅತ್ತಿಯವ್ರಿಗೆ ಬಿಪಿ ಅಂದ್ರಿ. ಬಾಸ್ ಅಂದ್ರ ಇದಕ್ಕಿಂತ ದೊಡ್ಡದು ಇನ್ನೇನೋ ಇರ್ಬೇಕು ಅಂದ್ಕೊಂಡೆ ನಾನು."

ಯಲ್ಲೇಶ ಕುರ್ಚಿಯ ಸುತ್ತ ಒಂದು ಸುತ್ತು ಬಂದು, ನಾಲ್ಕೂ ಗೋಡೆ ನೋಡಿ, ತಲೆ ಕೆರೆದುಕೊಂಡ. "ಅಣ್ಣಾ, ನಮ್ಮ ಪ್ಲಾಂಟಿನ ಚೌಕ ಶೆಡ್ಡಿನಾಗೂ ಹಿಂಗ. ಗೋಡಿ ಬಾಜೂಕ ನಿಂತ್ರ ಮೈಯೆಲ್ಲಾ ನಡುಗ್ತೈತಿ, ನಟ್ಟನಡುವ ನಿಂತ್ರ ಏನೂ ಇಲ್ಲ. ಚಹಾ ಕುಡಿಯಾಕ ನಾವು ನಡುವ ಹೋಗ್ತೀವಿ. ನೀ ಯಾಕ ಅಲ್ಲಿ ಕುಂತಿ?"

ಸಿದ್ದಲಿಂಗೇಶ್ ವೀರೇಶನಿಗೆ ಫೋನು ಹಚ್ಚಿದ.

"ಮಾವ, ಕಮಲಾಪುರ ದಾಟೀವ್ರಿ," ಎಂದ ವೀರೇಶ. ಆಟೋದ ಗದ್ದಲದಲ್ಲೂ ಅವನ ಧ್ವನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಚಹಾಕ್ಕ ನಿಲ್ಲಲಿಲ್ಲ ಅಂತ ಅಕ್ಕಗ ಬ್ಯಾಸರ ಮಾಡ್ಕೋಬ್ಯಾಡ ಅನ್ರಿ. ಹಂಗ ಎದಿ ಗುದ್ದೋ ಬಾಸ್ ನಾ ಹುಟ್ಟಿದಾಗಿಂದ ಕೇಳಿದ್ದಿಲ್ಲ. ನಗು ತಡಿಯಾಕ ಆಗ್ದ ಹಲ್ಲು ಕಚ್ಕೊಂಡು ಕುಂತಿದ್ದೆ. ಮುಂದಿನ ಭಾನುವಾರ ಎಲ್ಲಾರೂ ಊಟಕ್ಕ ಬರ್ರಿ ಮಾವ. ನಮ್ಮ ಪಡಸಾಲಿನೂ ಚೌಕ ಐತಿ, ನೀವು ಹಿರೇರು, ನಿಮಗಂತ ನಟ್ಟನಡುವ ಕುರ್ಚಿ ಹಾಕಿಸ್ತೀನಿ!"