ಹಿಂದಿನ ಡಿಫರೆನ್ಷಿಯಲ್, ಮುಂದಿನ ಬೀಗರು

ನನ್ನದು ಸಂಶಯದ ಸ್ವಭಾವ ಅಂತ ನನ್ನ ಹೆಂಡತಿ ಬುರುಲ್ ಇಡೀ ಕರಾ-ಬಾಲ್ತಾ ಊರಿಗೇ ಸಾರಿಬಿಟ್ಟಿದ್ದಾಳೆ. ಯಾಕೆ ಹಾಗೆ ಸಾರಿದಳು ಅನ್ನುವುದರಲ್ಲೇ ನನಗೆ ಏನೋ ವಾಸನೆ ಹೊಡೆಯುತ್ತದೆ.

ನಾನು ಎಸೆನ್. ಬಸ್ ಡಿಪೋದಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಜೀವಮಾನವಿಡೀ ಜನರ ಮುಖ ನೋಡಿ ‘ಇವನ ಹತ್ತಿರ ಟಿಕೆಟ್ ಇಲ್ಲ’ ಅಂತ ಕಂಡುಹಿಡಿದು ಹೊಟ್ಟೆ ಹೊರೆದವನು ಮನೆಗೆ ಬಂದ ಕೂಡಲೇ ಆ ಕಣ್ಣನ್ನು ಕಳಚಿ ಗೂಟಕ್ಕೆ ನೇತುಹಾಕೋದಕ್ಕಾಗುತ್ತದೆಯೇ? (ಟೋಪಿಯಾದರೆ ನೇತುಹಾಕಬಹುದು. ಕಣ್ಣು?)

ನಮ್ಮ ಮನೆಯಲ್ಲೊಂದು ಎಸ್‌ಯುವಿ ಇದೆ. ಜಪಾನಿನ ಮುದುಕ; ಆದರೆ ಗಟ್ಟಿ ಮುದುಕ. ಏಳು ವರ್ಷದಿಂದ ಅದರ ಮೇಲೆ ಒಬ್ಬ ಮೆಕ್ಯಾನಿಕ್‌ನ ನೆರಳೂ ಬೀಳದ ಹಾಗೆ ಕಾಪಾಡಿಕೊಂಡು ಬಂದಿದ್ದೇನೆ. ಮೆಕ್ಯಾನಿಕ್ ಅಂದರೆ ಯಾರು? ಒಳ್ಳೆಯ ಭಾಗ ತೆಗೆದು ಕೆಟ್ಟದ್ದನ್ನು ಹಾಕುವವನು. ಎದುರುಮನೆಯ ಜೊಲ್ದೋಷ್ ಅಂಥವನೇ ಇರಬೇಕು ಅಂತ ಏಳು ವರ್ಷದ ಹಿಂದೆ ನಾನೊಂದು ಉಪಾಯ ಮಾಡಿದ್ದೆ. ಗಾಡಿ ಅವನ ಕೈಗೆ ಕೊಡುವ ಮೊದಲು, ಅದಲುಬದಲು ಮಾಡದಿರಲಿ ಅಂತ, ಎಂಜಿನ್ನಿನ ಬೋಲ್ಟುಗಳಿಗೆಲ್ಲ ಬುರುಲ್‌ಳ ಕೆಂಪು ನೇಲ್ ಪಾಲಿಶ್ ಬಳಿದಿದ್ದೆ. ಬಾನೆಟ್ ಎತ್ತಿದ ಜೊಲ್ದೋಷ್ ಮದುಮಗಳ ಹಾಗೆ ಕಂಗೊಳಿಸುತ್ತಿದ್ದ ಎಂಜಿನ್ನನ್ನು ಸ್ವಲ್ಪ ಹೊತ್ತು ನೋಡಿ, ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಹೋದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ತಪ್ಪಿತಸ್ಥನಲ್ಲದವನು ಅಷ್ಟು ಕೋಪ ಮಾಡಿಕೊಳ್ಳುತ್ತಾನೆಯೇ, ನೀವೇ ಹೇಳಿ.

ಆಮೇಲೆ ಗಾಡಿಯ ಸಕಲ ಯೋಗಕ್ಷೇಮವೂ ನನ್ನದೇ. ಯೋಗಕ್ಷೇಮ ಅಂದರೆ ತೊಳೆಯುವುದು, ಒರೆಸುವುದು, ‘ಮುಂದಿನ ಭಾನುವಾರ ಎಲ್ಲಾ ನೋಡೋಣ’ ಅನ್ನುವುದು. ಆದರೂ ಗಾಡಿ ಕೆಮ್ಮಲಿಲ್ಲ, ಸೀನಲಿಲ್ಲ. “ನೋಡ್ರಯ್ಯಾ, ಕೈಗುಣ!” ಅಂತ ನಾನು ಚಹಾ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೀಗಿರುವಾಗ ತಲಾಸ್‌ನಿಂದ ನಮ್ಮ ಬೀಗರು ತಾಷ್ಮತ್ ಅವರ ಫೋನು ಬಂತು. ಮಗಳು ಚೊಲ್ಪನ್‌ಳನ್ನು ಕಳೆದ ಶರತ್ಕಾಲದಲ್ಲಿ ಅವರ ಮನೆಗೆ ಕೊಟ್ಟಿದ್ದೆವು. ನಮ್ಮನ್ನು ಅವರ ಮನೆಗೆ ಕರೆಯುತ್ತಿರುವುದು ಇದೇ ಮೊದಲು. ಬರುವ ಶನಿವಾರ ಸಂಜೆ ಊಟಕ್ಕೆ ಬರಲೇಬೇಕು, ಕುರಿಯನ್ನೂ ಗೊತ್ತುಮಾಡಿ ಆಗಿದೆ ಅಂದರು.

ತಲಾಸ್ ಅಂದರೆ ಘಾಟಿ ಹತ್ತಬೇಕು. ಒಂದಲ್ಲ, ಎರಡು. ಗಾಡಿಯ ಹಿಂದುಗಡೆಯಿಂದ ಸಣ್ಣಗೆ ‘ಊಂ’ ಅನ್ನುವ ಸದ್ದು ಬೇರೆ ನನ್ನ ಕಿವಿಗೆ ಬಿದ್ದ ಹಾಗಿತ್ತು.

“ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸಬೇಕು,” ಅಂದೆ.

ಬುರುಲ್ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. “ಅದೇನದು?”

“ಗಾಡಿ ತಿರುಗುವಾಗ ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನವಾಗಿ ಓಡ್ತದಲ್ಲ, ಆ ಎರಡನ್ನೂ ಹೊಂದಿಸಿಕೊಂಡು ಹೋಗೋ ಗಡ್ಡೆ. ಅದರ ಹೊಟ್ಟೇಲಿ ಎಣ್ಣೆ ಇರತ್ತೆ.”

“ಹೊಂದಿಸಿಕೊಂಡು ಹೋಗೋದಾ? ಹಾಗಾದ್ರೆ ನನ್ನ ಥರಾ ಅನ್ನಿ. ನನಗೆ ಮೂವತ್ತು ವರ್ಷದಿಂದ ಯಾರೂ ಎಣ್ಣೆ ಬದಲಾಯಿಸಿಲ್ಲ,” ಅಂದಳು. ಆಮೇಲೆ ಯಾಕೋ ಅವಸರವಸರವಾಗಿ, “ಅದೆಲ್ಲಾ ಈಗ್ಯಾಕೆ? ಗಾಡಿ ಚೆನ್ನಾಗೇ ಇದೆಯಲ್ಲ. ಮುಟ್ಟಬೇಡಿ ಚೊಲ್ಪನಪ್ಪಾ,” ಅಂದಳು.

ಮುಟ್ಟಬೇಡಿ! ಅಲ್ಲಿಗೆ ನನ್ನ ತಪಾಸಣೆಯ ಕಣ್ಣು ತೆರೆಯಿತು. ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ.

ಎಣ್ಣೆ ತರಲು ಪೇಟೆಗೆ ಹೋದೆ. ಮೊದಲನೇ ಅಂಗಡಿಯವನು ಬಹಳ ನಗುತ್ತಿದ್ದ, ಬಿಟ್ಟೆ. ಎರಡನೆಯವನು ನಗಲೇ ಇಲ್ಲ, ಅವನನ್ನೂ ಬಿಟ್ಟೆ. ಮೂರನೆಯವನು ಮಧ್ಯಮ ಪ್ರಮಾಣದಲ್ಲಿ ನಕ್ಕಿದ್ದರಿಂದ ಅವನ ಹತ್ತಿರ ಕೊಂಡೆ. ಮನೆಗೆ ಬರುವಷ್ಟರಲ್ಲಿ, ಅಷ್ಟು ಸರಿಯಾಗಿ ಅಳೆದು ನಗುವವನು ಎಂಥ ಖದೀಮನಿರಬೇಡ ಅನ್ನಿಸಿತು. ಡಬ್ಬಿ ಮುಚ್ಚಳ ಮೂಸಿದೆ. ಕಾಗದದ ಮೇಲೆ ಒಂದು ಹನಿ ಬಿಟ್ಟು ದೀಪಕ್ಕೆ ಹಿಡಿದೆ. ಚಳಿಗೆ ಹೆಪ್ಪುಗಟ್ಟುತ್ತದೋ ನೋಡೋಣ ಅಂತ ಚಹಾ ಕುಡಿಯುವ ಒಂದು ಪಿಯಾಲೆಗೆ ಬಸಿದು ಫ್ರೀಜರಿನಲ್ಲಿ ಕುರಿಯ ತೊಡೆಯ ಪಕ್ಕ ಇಟ್ಟೆ. ಅದಕ್ಕೆ ಬುರುಲ್ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿಯನ್ನು ಜಾಕ್ ಮೇಲೆ ಎತ್ತಿ, ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು ನಿಲ್ಲಿಸಿ, ಹಳೆಯ ರಗ್ಗು ಹಾಸಿಕೊಂಡು ಅಡಿಗೆ ನುಸುಳಿದೆ. ನನ್ನ ತಲೆಯ ಮೇಲೆ ಸಾಕ್ಷಾತ್ ಡಿಫರೆನ್ಷಿಯಲ್, ಕುಂಬಳಕಾಯಿಯ ಹಾಗೆ ಜೋತುಬಿದ್ದಿತ್ತು. ಅದಕ್ಕೆ ಎರಡು ಬಿರಡೆ. ಮೇಲಿನದು ತುಂಬಿಸುವುದಕ್ಕೆ, ಕೆಳಗಿನದು ಬಸಿಯುವುದಕ್ಕೆ.

ಒಳಗೆ ಫೋನು ಬಡಿದುಕೊಂಡಿತು. ಬೀಗಿತ್ತಿ. ಕಿಟಕಿಯಿಂದ ಬುರುಲ್‌ಳ ದನಿ ಕೇಳಿಸಿತು. “ಹೊರಡ್ತೀವಿ ಕಣ್ರೀ... ಅವರಾ? ಅವರು ಬೆಳಿಗ್ಗೆಯಿಂದ ಎಣ್ಣೆ... ಹೂಂ, ಎಣ್ಣೆ. ಗಾಡಿ ಕೆಳಗೇ ಮಲಗಿಬಿಟ್ಟಿದ್ದಾರೆ... ಇಲ್ಲ ಇಲ್ಲ, ದಿನಾ ಇಲ್ಲ! ಇವತ್ತೊಂದಿನವೇ!”

ನನ್ನ ಮಾನ ತಲಾಸ್ ತಲುಪಿದ್ದು ಹೀಗೆ, ನನಗಿಂತ ಮೊದಲೇ.

ನಾನು ಕೆಳಗಿನ ಬಿರಡೆಗೆ ಪಾನಾ ಹಾಕಿ ತಿರುಗಿಸಿದೆ. ಬಂತು. ವರ್ಷಾನುಗಟ್ಟಲೆ ಯಾರೂ ಮುಟ್ಟದ ಎಣ್ಣೆ. ಡಾಂಬರಿನ ಹಾಗೆ ಸುರಿಯುತ್ತದೆ ಅಂತ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಬೋಗುಣಿ ಹಿಡಿದೆ.

ಸುರಿದದ್ದು ಜೇನುತುಪ್ಪ! ಹೊನ್ನಿನ ಬಣ್ಣ, ತಿಳಿ. ತಳ ಕಾಣುವಷ್ಟು ತಿಳಿ.

ಬಿರಡೆಯನ್ನು ಬೆಳಕಿಗೆ ಹಿಡಿದೆ. ಅದರ ವಾಷರು ಹೊಚ್ಚಹೊಸದು, ಫಳಫಳ ಹೊಳೆಯುತ್ತಿತ್ತು.

“ಬುರುಲ್!” ಅಂತ ಕೂಗಿದೆ. “ಬಾ ಇಲ್ಲಿ! ನಾನಿಲ್ಲದಾಗ ಇಲ್ಲಿ ಯಾರೋ ಬಂದು ಮಲಗಿದ್ದಾರೆ!”

ಪಕ್ಕದ ಮನೆಯ ಕಿಟಕಿಗಳು ಪಟಪಟ ತೆರೆದುಕೊಂಡವು.

“ಥೂ, ನಿಮ್ಮ ಬಾಯಿಗಿಷ್ಟು!” ಅಂತ ಓಡಿಬಂದಳು ಬುರುಲ್. “ಎಲ್ಲಿ ಮಲಗಿದಾರೆ?”

“ಗಾಡಿ ಕೆಳಗೆ! ನೋಡು ಈ ಎಣ್ಣೆ!”

ಅವಳು ಬೋಗುಣಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. “ಖಾಲಿ ಮಾಡೇಬಿಟ್ರಾ? ಅಯ್ಯೋ ನನ್ನ ಕರ್ಮವೇ, ವಸಂತದಲ್ಲಷ್ಟೇ ಹಾಕಿಸಿದ್ದು!”

ಬೋಗುಣಿಗೆ ಕೊನೆಯ ಹನಿ ಬಿದ್ದದ್ದು ಕೇಳಿಸಿತು.

“ಏನಂದೆ?” ನಾನು ಗಾಡಿಯಡಿಯಿಂದ ತಲೆ ಮಾತ್ರ ಹೊರಗೆ ಹಾಕಿದೆ, ಆಮೆಯ ಹಾಗೆ.

ಅವಳು ಮೊದಲು ಆಕಾಶ ನೋಡಿದಳು. ಆಮೇಲೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನುವ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. “ನೀವು ವರ್ಷಾ ವರ್ಷಾ ಸೊಂಟನೋವಿಗೆ ಅಂತ ಬಸ್ಸು ಹತ್ತಿ ಇಸ್ಸಿಕ್-ಕುಲ್ ಸರೋವರಕ್ಕೆ ಹೋಗ್ತೀರಲ್ಲ, ಆವಾಗ ಜೊಲ್ದೋಷ್ ಬಂದು ಎಲ್ಲಾ ನೋಡಿ ಹೋಗ್ತಾನೆ.”

“ಜೊಲ್ದೋಷ್! ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ ಎಲ್ಲಾ.”

“ಬ್ರೇಕು?”

“ಬ್ರೇಕೂ.”

“ಬೆಲ್ಟು?”

“ಅದೂ.”

“ಆ ಹಿಂದಿನ ಗಾಜಿನ ವೈಪರು?”

“ಅದು ನೀವೇ ಹಾಕಿದ್ದು,” ಅಂದಳು ಬುರುಲ್. ನಾವಿಬ್ಬರೂ ಆ ವೈಪರಿನ ಕಡೆ ನೋಡಿದೆವು. ಅದು ಮುರಿದ ರೆಕ್ಕೆಯ ಹಾಗೆ ಅರ್ಧಕ್ಕೆ ನೇತಾಡುತ್ತಿತ್ತು.

ಏಳು ವರ್ಷದ ಕೈಗುಣ! ನಾನು ಮತ್ತೆ ಗಾಡಿಯಡಿ ಹೋದೆ. ಮುಖ ಮುಚ್ಚಿಕೊಳ್ಳಲು ಅಷ್ಟು ಒಳ್ಳೆಯ ಜಾಗ ಬೇರೆ ಇರಲಿಲ್ಲ. ಹೋಗಲಿ, ಹೊಸ ಎಣ್ಣೆಯಾದರೂ ತುಂಬೋಣ ಅಂತ ಕೆಳಗಿನ ಬಿರಡೆ ಮುಚ್ಚಿ, ಮೇಲಿನದಕ್ಕೆ ಪಾನಾ ಹಾಕಿದೆ. ಅದು ಅಲ್ಲಾಡಲಿಲ್ಲ. ಪಾನಾಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಜೋತುಬಿದ್ದೆ. ಜಪ್ಪಯ್ಯ ಅನ್ನಲಿಲ್ಲ. ಒಳಗಿದ್ದ ಎಣ್ಣೆ ಬೋಗುಣಿಯಲ್ಲಿ, ಬೋಗುಣಿಯಲ್ಲಿ ತಲೆಯಿಂದ ಜಾರಿ ಬಿದ್ದ ನನ್ನ ಟೋಪಿ, ಹಾಕುವ ದಾರಿ ಬಂದ್. ತಲಾಸ್‌ನಲ್ಲಿ ಆ ಹೊತ್ತಿಗೆ ಕುರಿ ಕಡಿದಾಗಿರುತ್ತದೆ. ಕಡಿದ ಕುರಿಯನ್ನು ಮತ್ತೆ ಹಟ್ಟಿಗೆ ಕಳಿಸೋದಕ್ಕಾಗುತ್ತದೆಯೇ? ಮೊದಲ ಸಲ ಕರೆದರೆ ಕುಡಿದು ಮಲಗಿ ತಪ್ಪಿಸಿಕೊಂಡರು ಅಂತ ಜನ್ಮವಿಡೀ ಚೊಲ್ಪನ್ ಮಾತು ಕೇಳಬೇಕು.

“ಜೊಲ್ದೋಷ್‌ನ ಕರೀತೀನಿ,” ಅಂದಳು ಬುರುಲ್. ಅದು ಪ್ರಶ್ನೆಯಾಗಿರಲಿಲ್ಲ.

ಅವನು ಬಂದ. ನನ್ನ ಪಕ್ಕದಲ್ಲೇ, ಮೊಳದಂತರದಲ್ಲಿ ಅಂಗಾತ ಮಲಗಿದ. ಮೇಲಿನ ಬಿರಡೆಯನ್ನು ಬೆರಳಿನಿಂದ ಸವರಿದ. ಆಮೇಲೆ ಹೊರಗಡೆ ನಿಂತಿದ್ದ ಬುರುಲ್‌ಳ ಚಪ್ಪಲಿಗಳನ್ನು ನೋಡುತ್ತಾ ಹೇಳಿದ:

“ಅಕ್ಕಾ, ನಿಮ್ಮೆಜಮಾನ್ರಿಗೆ ಹೇಳಿ, ಯಾವತ್ತೂ ಮೊದಲು ಮೇಲಿನ ಬಿರಡೆ ಬಿಚ್ಚಬೇಕು. ಅದು ಬಿಚ್ಚಿದ ಮೇಲೇ ಕೆಳಗಿನದು.”

“ಮೊದಲು ಮೇಲಿಂದಂತೆ,” ಅಂದಳು ಬುರುಲ್.

“ಕೇಳಿಸ್ತು ಅಂತ ಅವನಿಗೆ ಹೇಳು,” ಅಂದೆ.

“ಕೇಳಿಸ್ತಂತೆ.”

“ಇನ್ನೊಂದು ಹೇಳಿ ಅಕ್ಕಾ. ಇಷ್ಟು ಹೊತ್ತು ಅವರು ತಿರುಗಿಸ್ತಾ ಇದ್ದಿದ್ದು ಬಿಗಿಯಾಗೋ ಕಡೆಗೆ.”

ಬುರುಲ್ ಇದನ್ನು ನನಗೆ ದಾಟಿಸಲಿಲ್ಲ. ನಗುವುದರಲ್ಲಿ ಅವಳಿಗೆ ಪುರುಸೊತ್ತಿರಲಿಲ್ಲ.

ಅವನು ಸುತ್ತಿಗೆಯಿಂದ ಸುತ್ತ ನಾಲ್ಕು ಸಲ ಬಡಿದ, ಕೊಳವೆ ಹಾಕಿದ, ‘ಹುಂ’ ಅಂದ. ಬಿರಡೆ ‘ಕಟಕ್’ ಅಂದಿತು. ನಾನು ತಂದಿದ್ದ ಎಣ್ಣೆಯ ಡಬ್ಬಿ ತೆಗೆದು ಮೂಸಿದ. “ಎಣ್ಣೆ ಚೆನ್ನಾಗಿದೆ ಅಕ್ಕಾ.”

ಅಲ್ಲಿಯವರೆಗೆ ನನಗೂ ಆ ಎಣ್ಣೆಯ ಮೇಲೆ ಸ್ವಲ್ಪ ನಂಬಿಕೆ ಬರುತ್ತಿತ್ತು. ಇವನು ಚೆನ್ನಾಗಿದೆ ಅಂದ ಕೂಡಲೇ ಹೋಯಿತು. ಯಾಕೆ ಚೆನ್ನಾಗಿದೆ ಅಂದ? ಇವನಿಗೂ ಆ ಅಂಗಡಿಯವನಿಗೂ ಏನು ನಂಟು? ಆದರೆ ಬಾಯಿ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೇಲಿನ ತೂತಿನಿಂದ ಹೊರಗೆ ತುಳುಕುವವರೆಗೆ ರಬ್ಬರ್ ಕೊಳವೆಯಲ್ಲಿ ಎಣ್ಣೆ ಬಿಟ್ಟು, ಬಿರಡೆ ಬಿಗಿದು, ಜೊಲ್ದೋಷ್ ಎದ್ದ. ಬುರುಲ್ ಅವನಿಗೆ ಒಂದು ಬಟ್ಟಲು ಬಿಸಿ ಬೊರ್ಸೋಕ್, ಅಂದರೆ ಕರಿದ ಹಿಟ್ಟಿನುಂಡೆ, ತುಂಬಿ ಕೊಟ್ಟಳು. ಗೇಟಿನ ಹತ್ತಿರ ಹೋದವನು ನಿಂತು, ಗಾಳಿಗೆ ಹೇಳಿದ ಹಾಗೆ, “ಆ ವೈಪರ್ ನಾನು ಯಾವತ್ತೂ ಮುಟ್ಟಿಲ್ಲ. ಅದು ಅವರ ಕೆಲಸ, ಅವರ ನೆನಪಿಗೆ ಇರಲಿ,” ಅಂದ.

ಘಾಟಿ ಹತ್ತುವಾಗ ಗಾಡಿ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ನುಣ್ಣಗೆ ಸಾಗಿತು. ನಾನು ಕಿವಿಯನ್ನು ಹಿಂದಕ್ಕೇ ಇಟ್ಟುಕೊಂಡಿದ್ದೆ. ‘ಊಂ’ ಇರಲಿಲ್ಲ. ಮೊದಲಾದರೂ ಇತ್ತೋ ಇಲ್ಲವೋ!

ಬೀಗರ ಮನೆಯಲ್ಲಿ ನಮ್ಮನ್ನು ಬಾಗಿಲಿಗೆ ಬಂದು ಎದುರುಗೊಂಡರು. ತಾಷ್ಮತ್ ನನ್ನ ಕೈಹಿಡಿದು ಕುಲುಕಿ, ಸ್ವಲ್ಪ ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡಿದರು. (ನಾನು ಗಮನಿಸಿದೆ. ಟಿಕೆಟ್ ತಪಾಸಣೆಯವನು.) ಅದನ್ನು ಬುರುಲ್ ಕೂಡ ಕಂಡಿರಬೇಕು. ಪಾಪ, ಗಂಡನ ಮಾನ ಉಳಿಸೋಣ ಅಂತ ಊಟಕ್ಕೆ ಕೂತ ಕೂಡಲೇ ಶುರುಮಾಡಿದಳು. “ಬೆಳಿಗ್ಗೆ ಎಣ್ಣೆ ಅಂದೆನಲ್ಲ, ಗಾಡಿ ಎಣ್ಣೆ ಕಣ್ರೀ! ಹಿಂದಿನ ಡಿಫರೆನ್ಷಿಯಲ್ಲಿಂದು. ಇವರೇ ಬದಲಾಯಿಸಿದ್ರು. ಮೆಕ್ಯಾನಿಕ್‌ನ ಹತ್ತಿರವೇ ಸೇರಿಸಲ್ಲ.”

ತಾಷ್ಮತ್ ಕೈಲಿದ್ದ ಎಲುಬನ್ನು ಕೆಳಗಿಟ್ಟರು. “ಹೌದಾ ಬೀಗರೇ? ನಾನೂ ಮೆಕ್ಯಾನಿಕ್‌ಗಳನ್ನ ನಂಬಲ್ಲ. ಕಳ್ಳರು. ನನ್ನ ಗಾಡೀದೂ ಹಾಗೇ ಬಿದ್ದಿದೆ. ಎಣ್ಣೆ ತಂದು ವರ್ಷವಾಯ್ತು. ನಾಳೆ ಬೆಳಿಗ್ಗೆ ನೀವೇ ಮಾಡಿಕೊಟ್ಟುಬಿಡಿ.”

“ಅದಕ್ಕೇನಂತೆ, ಖುಷಿಯಿಂದ ಮಾಡ್ತಾರೆ,” ಅಂದಳು ಬುರುಲ್.

ಮಾರನೆಯ ದಿನ ಹೊಸ ಕೋಟು ಹಾಕಿಕೊಂಡೇ, ಬೀಗರದೇ ಪಾನಾ ಹಿಡಿದು, ಅವರ ಗಾಡಿಯಡಿ ಮಲಗಿದೆ. ಮೊದಲು ಮೇಲಿನ ಬಿರಡೆ, ಆಮೇಲೆ ಕೆಳಗಿನದು. ನಿಜ ಹೇಳಬೇಕೆಂದರೆ ಕೆಲಸ ಸಲೀಸಾಗೇ ಸಾಗಿತು. ಸಾಗದಿದ್ದದ್ದು ಬೀಗರ ಬೂಟುಗಳು. ಹಿಂದಿನ ಚಕ್ರದ ಪಕ್ಕ ಊರಿದವು ಅಲ್ಲಾಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬೂಟಿನ ಪಕ್ಕ ಅವರ ಮುಖವೂ ಬಂತು, ತಲೆಕೆಳಗಾಗಿ, ಟಾರ್ಚ್ ಸಮೇತ.

“ಬೀಗರೇ, ಆ ಬಿರಡೆ ನಮ್ಮದೇ ತಾನೇ?”

“ನಿಮ್ಮದೇ ಬೀಗರೇ.”

“ಅಲ್ಲಾ, ಮೊದಲು ಸ್ವಲ್ಪ ದಪ್ಪ ಇದ್ದ ಹಾಗಿತ್ತು.”

ಅವರು ಬಸಿದ ಎಣ್ಣೆಯನ್ನು ಅಳೆದರು. ಹಾಕಿದ ಎಣ್ಣೆಯನ್ನೂ ಅಳೆದರು. ಡಬ್ಬಿಯಲ್ಲಿ ಉಳಿದದ್ದನ್ನು ಅಳೆದು, ನನ್ನ ಕಡೆಗೊಮ್ಮೆ ನಮ್ಮ ಗಾಡಿಯ ಕಡೆಗೊಮ್ಮೆ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಕೂಲಿಯಿಲ್ಲದೆ ಮಣ್ಣಿನಲ್ಲಿ ಬಿದ್ದು ದುಡಿಯುವ ಮನುಷ್ಯನನ್ನು ಹೀಗೆ ನೋಡುವುದಕ್ಕೆ ಎಂಥ ಕಲ್ಲೆದೆ ಬೇಕು! ಜೊಲ್ದೋಷ್ ಪಾನಾ ಕೆಳಗಿಟ್ಟು ಒಳಗೆ ಹೋದದ್ದು ನನಗೆ ಅಲ್ಲೇ, ಬೆನ್ನಿನ ಮೇಲೆ ಮಲಗಿದ್ದಾಗಲೇ ಅರ್ಥವಾಯಿತು. ಆದರೆ ಬೀಗರ ಮನೆಯಲ್ಲಿ ಪಾನಾ ಕೆಳಗಿಟ್ಟು ಒಳಗೆ ಹೋಗುವುದೆಲ್ಲಿಗೆ?

ಹೊರಡುವಾಗ ಗೇಟಿನ ಹತ್ತಿರ ಇಡೀ ಮನೆ ನೆರೆಯಿತು. ತಾಷ್ಮತ್ ನನ್ನನ್ನು ಅಪ್ಪಿಕೊಂಡರು. ಬಹಳ ಹೊತ್ತು ಅಪ್ಪಿಕೊಂಡರು. ಚೊಲ್ಪನ್ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬೀಗರ ಎರಡು ಕೈಗಳೂ ನನ್ನ ಕೋಟಿನ ಜೇಬುಗಳನ್ನು ತಟ್ಟಿ ತಟ್ಟಿ ನೋಡುತ್ತಿರುವುದು ನನಗೆ ಗೊತ್ತಾಯಿತು.

ಇಂಥ ಅವಮಾನ ಸಹಿಸುವುದು ಹೇಗೆ? ನಾನು ಎರಡು ಹೆಜ್ಜೆ ಹಿಂದೆ ಸರಿದು, ನೆರೆದವರೆಲ್ಲ ನೋಡಲಿ ಅಂತ, “ಬೀಗರೇ, ಎಸೆನ್ ಬಡವನಿರಬಹುದು, ಕಳ್ಳನಲ್ಲ!” ಅಂತ ಎರಡೂ ಜೇಬು ಹೊರಕ್ಕೆ ಎಳೆದು ತೋರಿಸಿದೆ.

ಬಲಗಡೆಯ ಜೇಬಿನಿಂದ ಅವರ ಪಾನಾ ಟಣ್ಣನೆ ಕಲ್ಲಿನ ಮೇಲೆ ಬಿತ್ತು.

ಬುರುಲ್ ಬೇಗ ಬೇಗ ಗಾಡಿ ಹತ್ತಿ ಕೂತಳು. ತಾಷ್ಮತ್ ಬಗ್ಗಿ ಪಾನಾ ಎತ್ತಿಕೊಂಡು, ಒರೆಸಿ, ಅದು ತಮ್ಮದೇನಾ ಅಂತ ಬೆಳಕಿಗೆ ಹಿಡಿದು ನೋಡಿದರು.

ಅದು ನನ್ನ ಜೇಬಿಗೆ ಹೇಗೆ ಬಂತು ಅಂತ ಆಣೆಯಾಗಿಯೂ ನನಗೆ ಗೊತ್ತಿಲ್ಲ. ಅಷ್ಟು ಹೊತ್ತು ಅಪ್ಪಿಕೊಂಡಿದ್ದಾಗ ಬೀಗರೇ ಇಳಿಬಿಟ್ಟರೇನೋ.