ಕಣ ನಿಂತಲ್ಲಿ ನಿಲ್ಲುವುದಿಲ್ಲ

ನಮ್ಮ ಹೆಡ್‌ಮಾಸ್ಟರಿಗೆ ಒಂದು ಚಟ. ಸೈಕಲ್ ಸ್ಟ್ಯಾಂಡ್ ದಾಟುವಾಗ ಯಾರದೇ ಸೈಕಲ್ಲಿರಲಿ, ಹೆಬ್ಬೆರಳಿನಿಂದ ಟಯರ್ ಒತ್ತಿ ನೋಡುತ್ತಾರೆ. ಗಟ್ಟಿಯಿದ್ದರೆ "ಐತಿ", ಮೆತ್ತಗಿದ್ದರೆ "ಇಲ್ಲ". ಅಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾರೆ. ನಾನು ಅತಿಥಿ ಶಿಕ್ಷಕಿಯಾಗಿ ಸೇರಿದ ಮೊದಲ ವಾರ ನನ್ನ ವಿಜ್ಞಾನದ ಕ್ಲಾಸಿನ ಕಿಟಕಿಯಾಚೆ ಐದು ನಿಮಿಷ ನಿಂತು ಕೇಳಿದರು. ಆಮೇಲೆ ಕರೆದು, "ಧ್ವನ್ಯಾಗ ಗಾಳಿ ಇಲ್ಲಮ್ಮ" ಅಂದರು. "ಇನ್ನು ಹದಿನೈದು ದಿನಕ್ಕ ಬಿಇಓ ಆಫೀಸಿನ ಸಾಹೇಬ್ರು ನಿನ್ನ ಪಾಠ ನೋಡಾಕ ಬರ್ತಾರ. ಅವರು ಹೂಂ ಅಂದ್ರ ವರ್ಷ ಪೂರ್ತಿ ಇರ್ತಿ. ಇಲ್ಲಾಂದ್ರ ಕೊಟ್ಟೂರು ಬಸ್ಸು."

ನಮ್ಮ ಮನೆ ಕೊಟ್ಟೂರಲ್ಲಿ, ಶಾಲೆ ಹಗರಿಬೊಮ್ಮನಹಳ್ಳಿ ಕಡೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕಲಿಸಬೇಕಾದದ್ದು ಕನ್ನಡ ಮೀಡಿಯಂ. ಇಂಥವಳ ಕೈಗೆ ಅನಿಲಗಳ ಪಾಠ ಕೊಟ್ಟರೆ ಇಂಥವೇ ನಡೆಯುತ್ತವೆ, ದಿನಕ್ಕೊಂದರಂತೆ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಕಣ

"ಎಲ್ಲ ವಸ್ತುಗಳಲ್ಲೂ ಕಣಗಳಿವೆ. ಕಣಗಳು ಒಂದೆಡೆ ನಿಲ್ಲುವುದಿಲ್ಲ, ಸದಾ ಚಲಿಸುತ್ತಿರುತ್ತವೆ" ಅಂದೆ.

ಮುಂದಿನ ಬೆಂಚಿನಿಂದ ಒಬ್ಬಳು ಎದ್ದಳು, ತಂಬ್ರಹಳ್ಳಿಯಿಂದ ಬರುವ ಹುಡುಗಿ. "ನಮ್ಮ ಕಣ ಎಲ್ಲೂ ಹೋಗಂಗಿಲ್ರಿ ಮೇಡಂ."

"ಹೋಗುತ್ತದಮ್ಮ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ."

"ಮೊನ್ನೆರ ಸಗಣಿ ಹಾಕಿ ಸಾರ್ಸೀವ್ರಿ."

ಇದು ಯಾವುದೋ ಹಳ್ಳಿ ಪ್ರಯೋಗವಿರಬೇಕು ಅಂದುಕೊಂಡು, "ಸಾರಿಸಿದರೂ ಸರಿಯುತ್ತದೆ. ಬಿಸಿಲು ಬಿದ್ದರೆ ಇನ್ನೂ ಜೋರು" ಅಂದೆ. ಹುಡುಗಿ ಗಾಬರಿಯಾಗಿ ಕೂತಳು.

ಸಂಜೆ ಫೋನಿನಲ್ಲಿ ಅವ್ವನಿಗೆ ಹೇಳಿದರೆ ರೊಟ್ಟಿ ತಟ್ಟುವುದು ಬಿಟ್ಟು ನಗತೊಡಗಿದಳು. "ಹುಚ್ಚಿ, ಕಣ ಅಂದ್ರ ಜ್ವಾಳ ಒಕ್ಕೋ ಜಾಗ! ಪಾಪ, ಆ ಹುಡುಗಿ ಅಪ್ಪ ಈಗ ಕಣ ಓಡಿ ಹೋಗದಂಗ ದನದ ದಾವಣಿ ಹಗ್ಗ ಕಟ್ಟಾಕ ಹತ್ತಿರ್ತಾನ."

ಒಗ್ಗರಣೆ

ಮರುದಿನ ತಿದ್ದಬೇಕೆಂದೇ ಹೋದೆ. ನಲವತ್ತು ಮಕ್ಕಳ ಮುಂದೆ ಬಾಯಿ ಬರಲಿಲ್ಲ. ಪಾಠ ಮುಂದಕ್ಕೆ ಹೋಯಿತು.

ಅನಿಲದ ಕಣಗಳು ಹೇಗೆ ಹರಡುತ್ತವೆ ಎಂದು ತೋರಿಸಬೇಕಿತ್ತು. "ಈ ಮೂಲೆಯಲ್ಲಿ ಊದಿನಕಡ್ಡಿ ಹಚ್ಚುತ್ತೇನೆ. ವಾಸನೆ ಮುಟ್ಟಿದವರು ಕೈ ಎತ್ತಿ" ಅಂದೆ. ಕಡ್ಡಿ ಗೀರುವ ಮೊದಲೇ ಹಿಂದಿನ ಬೆಂಚಿನವರೆಲ್ಲ ಕೈ ಎತ್ತಿದರು.

"ಇನ್ನೂ ಹಚ್ಚೇ ಇಲ್ಲವಲ್ಲ!"

"ಬಳ್ಳೊಳ್ಳಿ ಒಗ್ಗರಣಿರಿ ಮೇಡಂ!"

ಹಿಂದಿನ ಗೋಡೆಯಾಚೆ ಬಿಸಿಯೂಟದ ಅಡುಗೆಮನೆ. ನೋಡುತ್ತಿದ್ದಂತೆ ಹಿಂದಿನಿಂದ ಮುಂದಕ್ಕೆ ಸಾಲುಸಾಲಾಗಿ ಕೈಗಳು ಎದ್ದವು. ಇಷ್ಟು ಚೆಂದದ ಪ್ರಯೋಗ ನಾನು ಕಾಲೇಜಿನಲ್ಲೂ ನೋಡಿರಲಿಲ್ಲ. ಊಟದ ಹೊತ್ತಿಗೆ ಅಡುಗೆಯವರ ಹತ್ತಿರ ಹೋಗಿ, "ಅಕ್ಕಾ, ಇವತ್ತು ನಿಮ್ಮ ಒಗ್ಗರಣೆಯೇ ಪಾಠ ಮಾಡಿತು" ಅಂದೆ.

ಅವರ ಮುಖ ಬಾಡಿತು. "ಅಯ್ಯ ಯವ್ವಾ, ಸೀದಿದ್ದು ಕ್ಲಾಸಿನ ತನಕ ಗೊತ್ತಾತಾ?"

ಅನಿಲ

ನಮ್ಮ ಪಿ.ಟಿ. ಮಾಸ್ತರ ಹೆಸರೂ ಅನಿಲ. ಇದು ನನಗೆ ನೆನಪಾದದ್ದು ಟೆಸ್ಟ್ ಪೇಪರ್ ತಿದ್ದುವಾಗ. 'ಅನಿಲದ ಮೂರು ಗುಣಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ತಂಬ್ರಹಳ್ಳಿ ಹುಡುಗಿ ದುಂಡಗೆ ಬರೆದಿದ್ದಳು:

'ಅನಿಲ ಸರ್ ಅವರಿಗೆ ನಿರ್ದಿಷ್ಟ ಆಕಾರ ಇರುವುದಿಲ್ಲ. ಎಷ್ಟು ಜಾಗ ಕೊಟ್ಟರೂ ತುಂಬುತ್ತಾರೆ. ಬಿಸಿಯಾದರೆ ಗೋಡೆಗೆ ಜೋರಾಗಿ ಬಡಿಯುತ್ತಾರೆ.'

ಕರೆದು ಕೇಳಿದೆ. "ಬರೇ ಅನಿಲ ಅಂತ ಬರದ್ರ ಸರ್ ಸಿಟ್ಟಾಗ್ತಾರ್ರಿ" ಅಂದಳು.

ಹಿಂದೆ ತಿರುಗಿದರೆ ಮಾಸ್ತರು ನನ್ನ ಭುಜದ ಮೇಲಿಂದ ಬಗ್ಗಿ ಅದನ್ನೇ ಓದುತ್ತಿದ್ದರು. ನಾನು ನೆಲ ನೋಡಿದೆ. ಅವರು ಹೊಟ್ಟೆ ಒಳಗೆಳೆದುಕೊಂಡು, ಬಹಳ ಯೋಚಿಸಿ ಹೇಳಿದರು: "ಮೂರನೇದು ಸುಳ್ಳು ನೋಡ್ರಿ ಮೇಡಂ."

ಸಾಹೇಬರು

ಹದಿನೈದನೇ ದಿನ ಸಾಹೇಬರು ಬಂದು, ಫಾರಂ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಹೆಡ್‌ಮಾಸ್ಟರ ಚಟವನ್ನೇ ನಂಬಿ, ಗಾಳಿಯಿಲ್ಲದ ಒಂದು ಸೈಕಲ್ ತರಿಸಿ ಕ್ಲಾಸಿನಲ್ಲೇ ಪಂಪು ಹೊಡೆಯತೊಡಗಿದೆ.

"ಗಾಳಿಯ ಕಣಗಳು ಒಳಗೆ ಓಡಾಡಿ ಟ್ಯೂಬಿಗೆ ಬಡಿಯುತ್ತವೆ! ಹೆಚ್ಚು ತುಂಬಿದರೆ ಹೆಚ್ಚು ಬಡಿತ! ಆ ಬಡಿತವೇ ಒತ್ತಡ!"

ಪಂಪು ಹೊಡೆಯುತ್ತ ಮೆತ್ತಗೆ ಮಾತಾಡಲು ಯಾರಿಂದಲೂ ಆಗುವುದಿಲ್ಲ. ನನ್ನ ಧ್ವನಿ ಮೊದಲ ಸಲ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ಹೆಡ್‌ಮಾಸ್ಟರು ಬಂದು ಟಯರ್ ಒತ್ತಿ, ನನ್ನ ಕಡೆ ನೋಡಿ, "ಐತಿ" ಅಂದರು.

ಸಾಹೇಬರು ಪೆನ್ನು ತೆಗೆದರು. ನಾನು ಮಕ್ಕಳನ್ನು ನೋಡುವ ನೆಪದಲ್ಲಿ ಹಿಂದಿನ ಬೆಂಚಿನವರೆಗೆ ಹೋಗಿ ಓರೆಗಣ್ಣಿನಿಂದ ನೋಡಿದೆ. 'ಇವರನ್ನು ಮುಂದುವರಿಸಬ' ಅಂತ ಬರೆದಿದ್ದರು. ಇನ್ನು 'ಹುದು' ಬಂದರೆ ಬದುಕಿದೆ. ಆ 'ಬ'ಕ್ಕೆ ಒಂದು ದೀರ್ಘ ಬಿದ್ದು 'ಬಾರದು' ಆದರೆ ಕೊಟ್ಟೂರು ಬಸ್ಸು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕೈ ಮುಗಿದು ನಿಂತರು. ತಂಬ್ರಹಳ್ಳಿ ಹುಡುಗಿಯ ಅಪ್ಪ.

"ಸಾಹೇಬ್ರು ಬರ್ತಾರ ಅಂತ ಮಗಳು ಹೇಳಿದ್ಳು, ಅದಕ್ಕಾ ಬಂದೀನ್ರಿ. ಇಂಥಾ ಮೇಡಮ್ಮಾರನ್ನ ನಾ ಎಲ್ಲೂ ಕಂಡಿಲ್ಲ. ಕಣ ತಾನಾ ಸರೀತೈತಿ. ಸಾರ್ಸಿದ್ರೂ ಸರೀತೈತಿ. ಬಿಸಲಿಗೆ ಇನ್ನೂ ಜೋರು. ನಂಗ ಪೂರಾ ಬಾಯಿಪಾಠ ಆಗೇತಿ!"

ಸಾಹೇಬರ ಮುಖ ಅರಳಿತು. "ನೋಡ್ರಿ ಹೆಡ್‌ಮಾಸ್ಟ್ರೇ, ಪಾಲಕರಿಗೂ ಪಾಠ ಮುಟ್ಟೈತಿ!"

"ಮುಟ್ಟದಂಗ ಇರ್ತೈತೇನ್ರಿ? ನಮ್ಮ ಕಣ ಹೋಗಿ ಹೋಗಿ ನನ್ನ ತಮ್ಮನ ಹೊಲದಾಗ ಹತ್ತು ಮಾರು ಒಳಗ ಕುಂತೈತಿ. ನಾನಾ ಅವ್ನ ಹೊಲ ಒತ್ತೀನಿ ಅಂತ ಊರೆಲ್ಲ ಹೇಳ್ಕೊಂತ ಅಡ್ಡಾಡ್ತಾನ."

ಪೆನ್ನು ಗಾಳಿಯಲ್ಲೇ ನಿಂತಿತು. ಹುಡುಗಿಯ ಅಪ್ಪ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಬಿಳಿ ಹಾಳೆ ತೆಗೆದು, ಬಿಡಿಸಿ, ಸಾಹೇಬರ ಫಾರಂ ಮೇಲೆಯೇ ಹಾಸಿದರು.

"ಮೇಡಮ್ಮಾರ, ಕಣ ತಾನಾ ಹೋಗೈತಿ, ನಂದೇನೂ ತಪ್ಪಿಲ್ಲ ಅಂತ ಎರಡು ಸಾಲು ಬರದು, ಸಾಹೇಬ್ರದೊಂದು ಸೈ ಹಾಕ್ಸಿ ಕೊಡ್ರಿ. ನನ್ನ ತಮ್ಮ ಗೇಟಿನ ಹತ್ರ ನಿಂತಾನ."