ಕತ್ತಲಲ್ಲಿ ನಡುವೆ ಬರುವ ಚೆಂಡು

ಮನೆಯಲ್ಲಿ ಸಾವಾದವನಿಗೆ ಊರವರು ಸಮಾಧಾನ ಹೇಳುವುದಕ್ಕಿಂತ ಹೆಚ್ಚಾಗಿ ಕೆಲಸ ಹೇಳುತ್ತಾರೆ ಎಂಬುದು ನನಗೆ ಈ ವರ್ಷ ತಿಳಿಯಿತು. ಖಾಲಿ ಕೂತರೆ ಸತ್ತವರು ನೆನಪಾಗುತ್ತಾರಂತೆ. ಹೀಗಾಗಿ ಅಣ್ಣ ಹೋದ ಮೇಲೆ ಜಮಖಂಡಿಯ ಹಿತೈಷಿಗಳು ತಮಗೆ ಬೇಸರವಾದ ಕೆಲಸಗಳನ್ನೆಲ್ಲ ಪ್ರೀತಿಯಿಂದ ನನಗೆ ದಾಟಿಸಿದರು. ಓಣಿಯ ನಳದ ತಕರಾರು ನನ್ನ ಪಾಲಿಗೆ ಬಂತು. ಯಾರದೋ ಮಗಳ ಲಗ್ನಪತ್ರಿಕೆಗಳನ್ನು ಬೀಳಗಿಗೆ ಮುಟ್ಟಿಸುವುದು ಬಂತು. ಬಸ್ಸಿನಲ್ಲಿ ನಾನು ನಿಂತುಕೊಂಡು ಹೋದೆ, ದುಃಖ ಕೂತುಕೊಂಡು ಬಂತು. “ಮನಸ್ಸು ಬ್ಯಾರೆ ಕಡೆ ಹೋಗ್ತದರಿ” ಎಂದು ಎಲ್ಲರೂ ಹೇಳುತ್ತಿದ್ದರು. ಮನಸ್ಸು ಎಲ್ಲಿಗೂ ಹೋಗಲಿಲ್ಲ, ನಾನೊಬ್ಬನೇ ಹೋಗಿ ಬರುತ್ತಿದ್ದೆ.

ಹೀಗೆ ಬಂದ ಕೆಲಸಗಳಲ್ಲಿ ಕೊನೆಯದು ಚೆಂಡು. ನಾನೂ ಅಣ್ಣನೂ ನಮ್ಮ ಮದುವೆಗಳಿಗೂ ಮೊದಲಿನಿಂದ ಸಂಜೆ ಟೆನಿಸ್ ಆಡುತ್ತಿದ್ದವರು. ಸಂಸ್ಥಾನದ ಕಾಲದ ಹಳೆಯ ಅಂಗಳ. ಅಣ್ಣ ಎಡಕ್ಕೆ, ನಾನು ಬಲಕ್ಕೆ. ನೆಟ್ಟಿನ ಆಚೆ ನಿವೃತ್ತ ಮಾಸ್ತರರು ಮತ್ತು ಅವರು ಹೇಳಿದ್ದಕ್ಕೆಲ್ಲ ಹೂಂಗುಡುವ ಅವರ ಬೀಗರು. ದಿನಕರ್ಮ ಮುಗಿದ ಮರುದಿನವೇ ಅಣ್ಣನ ಎಡಬದಿಗೆ ಗೋವಿಂದರಾಯರು ಬಂದು ನಿಂತರು. ಕೋರ್ಟಿನಲ್ಲಿ ಬೇಲೀಫರಾಗಿದ್ದವರು, ಕಂಡದ್ದನ್ನೆಲ್ಲ ಜಪ್ತಿ ಮಾಡಿ ರೂಢಿ. ಬಂದ ಪ್ರತಿ ಚೆಂಡಿಗೂ “ನಂದು! ನಂದು!” ಎಂದು ಕೂಗಿ, ಅರ್ಧವನ್ನು ಬಿಟ್ಟುಬಿಡುತ್ತಿದ್ದರು.

ಅದೇ ವಾರ ಅಂಗಳದ ದೀಪಗಳೂ ಕೆಟ್ಟವು. ಕೆಟ್ಟಾಗಲೆಲ್ಲ ವಾಯರಮನ್‌ನನ್ನು ಹಿಡಿದುಕೊಂಡು ಬರುತ್ತಿದ್ದವನು ಅಣ್ಣ. ಈಗ ಯಾರೂ ಹಿಡಿಯಲು ಹೋಗಲಿಲ್ಲ. ದೀಪದ ಉಸಾಬರಿಯೇ ಬೇಡ, ಒಳಗೆ ಬೆಳಕಿರುವ ಚೆಂಡುಗಳು ಸಿಗುತ್ತವೆ ಎಂದು ಮಾಸ್ತರರು ಎಲ್ಲಿಯೋ ನೋಡಿಕೊಂಡು ಬಂದರು. “ನೀವ ಆರಿಸಿಕೊಂಡ ಬರ್ರಿ. ನಿಮಗೂ ಛಲೋ ಅನಸ್ತದ” ಎಂದರು. ಬೀಗರು ಹೂಂ ಎಂದರು. ನಾನು ತಕ್ಷಣ ಒಪ್ಪಿದ್ದು ಅವರಿಗೆ ಆಶ್ಚರ್ಯ. ಕತ್ತಲಲ್ಲಿ ಚೆಂಡು ಮಾತ್ರ ಕಾಣುತ್ತದೆ, ಪಕ್ಕದಲ್ಲಿ ನಿಂತವರು ಯಾರೆಂದು ಕಾಣುವುದಿಲ್ಲ. ಅಣ್ಣನ ಜಾಗ ಅಷ್ಟಾದರೂ ಅಣ್ಣನದಾಗಿ ಉಳಿಯಲಿ ಎಂಬುದು ನನ್ನ ಲೆಕ್ಕ.

ಮುಧೋಳದ ಅಂಗಡಿಯಲ್ಲಿ ಮಿನುಗುವ ಚೆಂಡು ಕೇಳಿದೆ. ಬೇಟೆನಾಯಿಗೆ ಹೆಸರಾದ ಆ ಊರಿನಲ್ಲಿ ಚೆಂಡು ಎಂದರೆ ಮೊದಲು ನೆನಪಾಗುವುದು ನಾಯಿ.

“ಎಷ್ಟ ತಿಂಗಳ ಮರಿ ಐತ್ರಿ?” ಎಂದ ಅಂಗಡಿಯವ.

“ನಾಲ್ಕ ಅದಾವ. ಎಲ್ಲಾ ಅರವತ್ತ ವರ್ಷ ದಾಟ್ಯಾವ.”

ಅವನು ನಗಲಿಲ್ಲ. “ಕಚ್ಚತಾವೇನ್ರಿ?”

“ಕಚ್ಚೂದಿಲ್ಲ. ಒಂದ ಮಾತ್ರ ಭಾಳ ಬೊಗಳತೈತಿ.”

ಅವನು ಮೂರು ಜಾತಿಯ ಚೆಂಡು ಇಟ್ಟ. ಮೊದಲನೆಯದಕ್ಕೆ ಟಾರ್ಚ್ ಹಿಡಿದು ಬೆಳಕು ಕುಡಿಸಬೇಕು. ಹಸಿರಾಗಿ ಹೊಳೆದು, ಒಂದು ಗೇಮ್ ಮುಗಿಯುವಷ್ಟರಲ್ಲಿ ಮಂಕಾಗುತ್ತದೆ. ಎರಡನೆಯದು ಮೊಬೈಲಿನಂತೆ ಚಾರ್ಜ್ ಆಗುತ್ತದೆ, ಕಣ್ಣು ಕುಕ್ಕುವ ಬೆಳಕು, ಆದರೆ ಹೊಟ್ಟೆ ಭಾರವಾಗಿ ಮೇಲೆ ಪುಟಿಯುವುದೇ ಇಲ್ಲ. ಅದರಿಂದ ಆಡಿದರೆ ಮೊಣಕೈ ನೋವು ಖಾತ್ರಿ. ಮೂರನೆಯದು ಹೊಡೆತ ಬಿದ್ದರೆ ಹತ್ತುತ್ತದೆ, ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಮಾಮೂಲಿ ಚೆಂಡಿನ ಪಕ್ಕದಲ್ಲಿ ಮೂರನ್ನೂ ನೆಲಕ್ಕೆ ಪುಟಿಸಿ ನೋಡಿದೆ. ಮೂರನೆಯದೇ ಸ್ವಲ್ಪ ಮರ್ಯಾದೆ ಉಳಿಸಿತು. ಅದನ್ನೇ ತಂದೆ.

ಕತ್ತಲಲ್ಲಿ ಆಡಲು ನಿಂತಾಗ ಚೆಂಡು ಕಂಡಿತು, ಗೆರೆ ಕಾಣಲಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದನ್ನು ಗಂಟಲು ತೀರ್ಮಾನಿಸತೊಡಗಿತು. ಮಾಸ್ತರರದು ತರಗತಿಯಲ್ಲಿ ಪಳಗಿದ ಗಂಟಲು, ಅವರೇ ಗೆಲ್ಲುತ್ತ ಹೋದರು. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಒಂದು ಚೆಂಡು ಬಂತು. ಅಂಥ ಚೆಂಡು ಬಂದಾಗಲೆಲ್ಲ ಅಣ್ಣ “ಬಿಡಲೇ ತಮ್ಮಾ” ಎನ್ನುತ್ತಿದ್ದ, ನಾನು ಬಿಡುತ್ತಿದ್ದೆ. ಈಗಲೂ ಆ ಮಾತಿಗೆ ಕಾದು ನಿಂತೆ. ಕತ್ತಲಿನಿಂದ “ನಂದು!” ಎಂದು ಬಂತು. ನನಗೆ ಎಲ್ಲಿತ್ತೋ ಸಿಟ್ಟು, ನಾನೂ ಬೀಸಿದೆ. ರಾಕೆಟ್ಟಿಗೆ ರಾಕೆಟ್ಟು ಬಡಿಯಿತು.

“ಚೆಂಡ ಬಿಟ್ಟು ಒಬ್ಬರಿಗೊಬ್ಬರು ಹೊಡ್ಯಾಕತ್ತೀರಲ್ರಿ!” ಎಂದರು ಮಾಸ್ತರರು.

ಗೋವಿಂದರಾಯರು ಹತ್ತಿರ ಬಂದರು. “ಅಣ್ಣಾವ್ರ ಜಾಗಾ ಕಸಗೊಂಡೇನಿ ಅಂತ ಸಿಟ್ಟದ ಹೌದಲ್ಲರಿ? ನಾ ಇಲ್ಲಿ ಜಪ್ತಿ ಮಾಡಾಕ ಬಂದಿಲ್ಲರಿ. ಎಡಕ್ಕ ನೀವ ನಿಂದರ್ರಿ, ನಾ ಬಲಕ್ಕ ಹೋಗ್ತೀನಿ.”

ಹೋಗಿ ನಿಂತೆ. ಎಡಕ್ಕೆ ನಿಂತವನಿಗೆ ಅರ್ಧ ಅಂಗಳ ಇರುತ್ತದೆ ಎಂದುಕೊಂಡಿದ್ದೆ, ಮುಕ್ಕಾಲು ಇತ್ತು. ನಡುವೆ ಬಂದದ್ದು, ಬಲಗಡೆಯವನ ತಲೆಯ ಮೇಲಿಂದ ಹೋದದ್ದು, ಅವನು ನೋಡುತ್ತ ನಿಂತದ್ದು, ಎಲ್ಲಕ್ಕೂ ಇವನೇ ಓಡಬೇಕು. ನಾಲ್ಕು ಚೆಂಡಿಗೆ ನನಗೆ ಏದುಸಿರು ಬಂತು. ಐದನೆಯದಕ್ಕೆ ನನ್ನ ಬಾಯಿಂದಲೇ “ನಂದು!” ಎಂದು ಹೊರಬಿತ್ತು. ಅದು ದುರಾಸೆಯ ಕೂಗಲ್ಲ, ಬೇರೆ ಯಾರೂ ಹೋಗುವುದಿಲ್ಲ ಎಂದು ಗೊತ್ತಾದವನ ಕೂಗು. ಇಷ್ಟು ವರ್ಷ ಅಣ್ಣ ಅದನ್ನೆಲ್ಲ ತಾನೇ ಹೊಡೆದು, ಆಟ ಮುಗಿದ ಮೇಲೆ “ಇವತ್ತ ಛಲೋ ಆಡಿದಿ ತಮ್ಮಾ” ಎನ್ನುತ್ತಿದ್ದ. ನಾನು ಹೌದೆಂದು ನಂಬಿ ಮನೆಗೆ ಬರುತ್ತಿದ್ದೆ.

ಈಗ ದಿನಾಲೂ ಎಡಕ್ಕೇ ನಿಲ್ಲುತ್ತೇನೆ, ದಿನಾಲೂ ಸೋಲುತ್ತೇವೆ. ಅಣ್ಣನ ಜಾಗ ನನ್ನಿಂದ ತುಂಬಿಲ್ಲ. ನಾನು ಬಿಟ್ಟುಬಂದ ಬಲಬದಿಯನ್ನು ಮಾತ್ರ ಗೋವಿಂದರಾಯರು ಮೊದಲ ಸಂಜೆಯೇ ತುಂಬಿಬಿಟ್ಟರು. ಅಲ್ಲಿ ಏನೋ ಕಡಿಮೆಯಾಗಿದೆ ಎಂದು ಈವರೆಗೆ ಯಾರೂ ಹೇಳಿಲ್ಲ.